ಆಕಾಶವನ್ನೇ ಸಾಕ್ಷಿಯಾಗಿ ಕರೆದ ಮಾಸ್ತರರು: ವೆಂಕಟೇಶ ಬಾಪೂಜಿ ಕೇತ್ಕರ್

ಪಾಸ್ಕ ಹಬ್ಬ ಪ್ರತಿ ವರ್ಷ ಒಂದೇ ತಾರೀಕಿಗೆ ಏಕೆ ಬರುವುದಿಲ್ಲ ಎಂದು ಕ್ರೈಸ್ತ ಶಿಕ್ಷಣದ ತರಗತಿಯಲ್ಲಿ ಮಕ್ಕಳು ಕೇಳುವುದುಂಟು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಆ ಹುಣ್ಣಿಮೆಯ ನಂತರದ ಭಾನುವಾರ ಎಂದು ನಾವು ಉತ್ತರ ಹೇಳುತ್ತೇವೆ. ಆದರೆ ಹುಣ್ಣಿಮೆ ಎಂದು ಬರುತ್ತದೆ ಎಂಬುದನ್ನು ಯಾರೋ ಒಬ್ಬರು ಕುಳಿತು ಲೆಕ್ಕ ಹಾಕಬೇಕಲ್ಲ? ಹೀಗೆ ಲೆಕ್ಕ ಹಾಕುವುದರಲ್ಲೇ ಬಾಳು ಸವೆಸಿದ, ನಮ್ಮ ಉತ್ತರ ಕರ್ನಾಟಕದ ಒಬ್ಬ ಶಾಲಾ ಮಾಸ್ತರರ ಪರಿಚಯವನ್ನು ಇಲ್ಲಿ ಮಾಡಿಕೊಳ್ಳೋಣ.

ವೆಂಕಟೇಶ ಬಾಪೂಜಿ ಕೇತ್ಕರ್ ಅವರು 1854ರ ಜನವರಿ 18ರಂದು ನರಗುಂದದಲ್ಲಿ ಜನಿಸಿದರು. ಆಗ ನರಗುಂದ ಒಂದು ಚಿಕ್ಕ ಸಂಸ್ಥಾನ. ಬಾಲಕ ವೆಂಕಟೇಶನಿಗೆ ನಾಲ್ಕು ವರ್ಷವಾಗಿದ್ದಾಗ, 1858ರಲ್ಲಿ, ಅಲ್ಲಿನ ಅರಸ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಬಂಡೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ. ಅನಂತರ ಊರು ಧಾರವಾಡ ಜಿಲ್ಲೆಗೆ ಸೇರಿತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕೂಡ ಇದೇ ಜಿಲ್ಲೆಯ ಊರುಗಳು. 1997ರಲ್ಲಿ ಹಾವೇರಿ ಮತ್ತು ಗದಗ ಬೇರೆ ಜಿಲ್ಲೆಗಳಾಗುವ ತನಕ ಇವೆಲ್ಲ ಒಂದೇ ಮನೆಯವು.

ತಂದೆ ಬಾಪೂ ಶಾಸ್ತ್ರಿಗಳು ಜ್ಯೋತಿಷ ಗಣಿತ ಬಲ್ಲವರು. ಮಗ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆ ಸೇರಿ ಬಾಗಲಕೋಟೆಯ ಇಂಗ್ಲಿಷ್ ಶಾಲೆಯಲ್ಲಿ ಅಧ್ಯಾಪಕರಾದರು. ಸಂಸ್ಕೃತ, ಮರಾಠಿ, ಇಂಗ್ಲಿಷ್ ಭಾಷೆಗಳಲ್ಲಿ ಬರೆದರು. ದೊಡ್ಡ ವೀಕ್ಷಣಾಲಯದಲ್ಲಿ ಕೆಲಸ ಮಾಡುವ ಅವಕಾಶ ಅವರಿಗಿರಲಿಲ್ಲ. ಶಾಲೆಯ ಕೆಲಸದ ಜೊತೆಗೆ ಕಾಗದ, ಲೇಖನಿ ಹಿಡಿದು ಗ್ರಹಗಳ ಲೆಕ್ಕ ಮಾಡುತ್ತಿದ್ದರು.

ಆ ಕಾಲದಲ್ಲಿ ಜನಸಾಮಾನ್ಯರ ಮನೆಗೆ ತಲುಪುತ್ತಿದ್ದ ಖಗೋಳಶಾಸ್ತ್ರವೆಂದರೆ ಪಂಚಾಂಗ ಒಂದೇ. ಬಿತ್ತನೆ, ಮದುವೆ, ಹಬ್ಬ, ಗ್ರಹಣ ಎಲ್ಲವೂ ಅದರಲ್ಲೇ. ಆದರೆ ಮುಂಬಯಿ ಪ್ರಾಂತದ ಬಹಳಷ್ಟು ಪಂಚಾಂಗಗಳಿಗೆ ಆಧಾರವಾಗಿದ್ದುದು ಗಣೇಶ ದೈವಜ್ಞರು 1520ರಲ್ಲಿ ರಚಿಸಿದ ಗ್ರಹಲಾಘವ. ಅದು ತನ್ನ ಕಾಲಕ್ಕೆ ಉತ್ತಮ ಗ್ರಂಥವೇ. ಆದರೆ ಪುಟ್ಟ ಪುಟ್ಟ ತಪ್ಪುಗಳು ಮುನ್ನೂರು, ನಾನ್ನೂರು ವರ್ಷಗಳಲ್ಲಿ ಕೂಡಿಕೊಂಡು ದೊಡ್ಡದಾಗುತ್ತವೆ. ಪುಸ್ತಕ ಹೇಳಿದ ವೇಳೆಗೂ ಆಕಾಶದಲ್ಲಿ ಕಾಣುವುದಕ್ಕೂ ತಾಳೆಯಾಗದಂತಾಯಿತು.

ಇಂಥ ಇಕ್ಕಟ್ಟು ನಮ್ಮ ಧರ್ಮಸಭೆಗೂ ಹೊಸದಲ್ಲ. ಹಳೆಯ ಜೂಲಿಯನ್ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಸುಮಾರು 11 ನಿಮಿಷದ ತಪ್ಪಿತ್ತು. ಶತಮಾನಗಳು ಕಳೆದಂತೆ ಅದು ಬೆಳೆದು ಪಾಸ್ಕ ಹಬ್ಬವೇ ಜಾರತೊಡಗಿತು. ಜಗದ್ಗುರು ಹದಿಮೂರನೇ ಗ್ರೆಗೊರಿಯವರು ಯೇಸುಸಭೆಯ ಗಣಿತಜ್ಞ ಕ್ಲಾವಿಯುಸ್ ಮುಂತಾದವರ ನೆರವಿನಿಂದ ಅದನ್ನು ತಿದ್ದಿದರು. 1582ರ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15 ಎಂದಾಯಿತು. ಇಂಗ್ಲೆಂಡ್ ಇದನ್ನು ಒಪ್ಪಿದ್ದು 1752ರಲ್ಲಿ. ಸರಿಯಾದ ಲೆಕ್ಕ ಕೈಯಲ್ಲಿದ್ದರೂ ರೂಢಿ ಬಿಡಲು ಮನುಷ್ಯರಿಗೆ ಎಷ್ಟು ಕಾಲ ಬೇಕು ನೋಡಿ.

ಕೇತ್ಕರರು ಇಂಥದೇ ಕೆಲಸಕ್ಕೆ ಒಬ್ಬರೇ ಕೈ ಹಾಕಿದರು. ಯುರೋಪಿನ ಖಗೋಳಶಾಸ್ತ್ರದ ಹೊಸ ಕೋಷ್ಟಕಗಳನ್ನು ಅಭ್ಯಸಿಸಿ, ಪಂಚಾಂಗಕಾರರಿಗೆ ತಿಳಿಯುವ ಸಂಸ್ಕೃತದಲ್ಲಿ ಜ್ಯೋತಿರ್ಗಣಿತ, ಕೇತಕೀ ಗ್ರಹಗಣಿತ ಮುಂತಾದ ಗ್ರಂಥಗಳನ್ನು ಬರೆದರು. ಹೊಸ ವಿದ್ಯೆಯನ್ನು ಹಳಬರ ಭಾಷೆಯಲ್ಲೇ ಕೊಟ್ಟಿದ್ದು ಅವರ ಜಾಣ್ಮೆ. ಆದರೂ ವಿರೋಧ ತಪ್ಪಲಿಲ್ಲ. ರಾಶಿಚಕ್ರದ ಆರಂಭ ಎಲ್ಲಿಂದ ಎಂಬುದು ದೊಡ್ಡ ವಿವಾದವಾಯಿತು. ಚಿತ್ತಾ ನಕ್ಷತ್ರದ ನೇರ ಎದುರಿನ ಬಿಂದುವೇ ಆರಂಭ ಎಂಬುದು ಕೇತ್ಕರರ ವಾದ. ಲೋಕಮಾನ್ಯ ತಿಲಕರ ಪಕ್ಷದವರು ರೇವತಿ ನಕ್ಷತ್ರವನ್ನು ಹಿಡಿದರು. ಎರಡರ ನಡುವಿನ ವ್ಯತ್ಯಾಸ ಸುಮಾರು 4 ಡಿಗ್ರಿ, ಎಂದರೆ ಸೂರ್ಯನ ಸುಮಾರು 4 ದಿನಗಳ ನಡೆ. ಇಷ್ಟಕ್ಕೇ ಕೆಲವು ವರ್ಷ ಅಧಿಕ ಮಾಸವೇ ಬೇರೆಯಾಗಿಬಿಡುತ್ತದೆ. ಇಡೀ ನಾಡು ಗೌರವಿಸುವ ನಾಯಕರ ಎದುರು ಒಬ್ಬ ಶಾಲಾ ಮಾಸ್ತರರು ತಮ್ಮ ಲೆಕ್ಕಕ್ಕೆ ಅಂಟಿಕೊಂಡು ನಿಲ್ಲುವುದು ಸುಲಭವಲ್ಲ. ಕೇತ್ಕರರು ನಿಂತರು. ಅವರು ತೀರಿಕೊಂಡ ಮೇಲೆ, 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ಕ್ಯಾಲೆಂಡರ್ ಸುಧಾರಣಾ ಸಮಿತಿ ರಾಷ್ಟ್ರೀಯ ಪಂಚಾಂಗಕ್ಕೆ ಚಿತ್ತಾ ಪಕ್ಷವನ್ನೇ ಆರಿಸಿಕೊಂಡಿತು.

ಕೇತ್ಕರರ ಹೆಸರು ಹೊರದೇಶಕ್ಕೆ ತಲುಪಿದ್ದು ಬೇರೊಂದು ಕಾರಣದಿಂದ. 1911ರ ಮೇ ತಿಂಗಳಲ್ಲಿ ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಈ ಸಂಘವನ್ನು ಕಮೀಲ್ ಫ್ಲಾಮರಿಯೋನ್ 1887ರಲ್ಲಿ ಸ್ಥಾಪಿಸಿದ್ದೇ ಸಾಮಾನ್ಯ ಜನರಿಗೆ ಆಕಾಶದ ಅರಿವು ಮೂಡಿಸಲು. ನೆಪ್ಚೂನ್‌ನಿಂದಾಚೆಗೆ ಇನ್ನೂ ಎರಡು ಗ್ರಹಗಳಿವೆ ಎಂದು ಕೇತ್ಕರರು ಅದರಲ್ಲಿ ಬರೆದು, ಅವಕ್ಕೆ ಬ್ರಹ್ಮ, ವಿಷ್ಣು ಎಂದು ಹೆಸರಿಟ್ಟರು. ಬ್ರಹ್ಮನ ದೂರ, ಸೂರ್ಯನಿಂದ ಭೂಮಿಗಿರುವ ದೂರದ 38.95 ಪಟ್ಟು, ಒಂದು ಸುತ್ತಿಗೆ 242.28 ವರ್ಷ. 1930ರ ಮಾರ್ಚ್ 13ರಂದು ಅಮೆರಿಕದ ಲೊವೆಲ್ ವೀಕ್ಷಣಾಲಯದವರು ಪ್ಲೂಟೊ ಸಿಕ್ಕಿದ ಸುದ್ದಿ ಪ್ರಕಟಿಸಿದರು. ಅದರ ದೂರ ಸುಮಾರು 39.5 ಪಟ್ಟು, ಒಂದು ಸುತ್ತಿಗೆ ಸುಮಾರು 248 ವರ್ಷ! ಅದೇ ವರ್ಷದ ಆಗಸ್ಟ್ 3ರಂದು ಕೇತ್ಕರರು ನಿಧನರಾದರು.

ಪ್ಲೂಟೊವನ್ನು ಮೊದಲೇ ಕಂಡ ಕನ್ನಡ ನಾಡಿನ ಜ್ಞಾನಿ ಎಂದು ಕೆಲವರು ಅವರನ್ನು ಹೊಗಳುವುದುಂಟು. ನಮಗೂ ಹೆಮ್ಮೆಯೇ. ಆದರೆ ಸತ್ಯವನ್ನು ಪೂರ್ತಿ ಹೇಳಬೇಕು. ಗುರು ಗ್ರಹದ ಮೂರು ಚಂದ್ರರು ಒಂದಕ್ಕೊಂದು ತಾಳ ಹಾಕಿದಂತೆ ಸುತ್ತುತ್ತವೆ. ಗ್ಯಾನಿಮೀಡ್ ಒಂದು ಸುತ್ತು ಮುಗಿಸುವಾಗ ಯುರೋಪಾ ಎರಡು, ಅಯೋ ನಾಲ್ಕು ಸುತ್ತು ಬರುತ್ತವೆ. ದೂರದ ಗ್ರಹಗಳಿಗೂ ಇಂಥದೇ ನಿಯಮ ಇದೆಯೆಂದು ಕೇತ್ಕರರು ಭಾವಿಸಿದರು. ಆ ನಿಯಮ ಅಲ್ಲಿಲ್ಲ. ಅವರ ಅಂಕೆ ಹತ್ತಿರ ಬಂತು, ತರ್ಕ ಸರಿಯಿರಲಿಲ್ಲ. ವಿಷ್ಣು ಎಂಬ ಗ್ರಹ ಸಿಗಲೇ ಇಲ್ಲ. 2006ರಲ್ಲಿ ಪ್ಲೂಟೊವನ್ನೂ ಗ್ರಹಗಳ ಪಟ್ಟಿಯಿಂದ ತೆಗೆದು ಕುಬ್ಜ ಗ್ರಹ ಎಂದರು.

ಇದರಿಂದ ಕೇತ್ಕರರು ಸಣ್ಣವರಾಗುವುದಿಲ್ಲ. ಪುಸ್ತಕ ಎಷ್ಟೇ ಪೂಜ್ಯವಾದರೂ ಅದನ್ನು ಆಕಾಶದ ಎದುರು ಇಟ್ಟು ಪರೀಕ್ಷಿಸಬೇಕು ಎಂದು ಕಲಿಸಿದವರು ಅವರು. ಅವರ ಲೆಕ್ಕವನ್ನೂ ಅದೇ ಆಕಾಶದ ಎದುರು ಇಡುವುದೇ ಅವರಿಗೆ ನಾವು ಕೊಡುವ ಗೌರವ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳಲ್ಲಾಗಲಿ ನಮ್ಮ ಕರಾವಳಿಯಲ್ಲಾಗಲಿ ಮಕ್ಕಳಿಗೆ ಆಕಾಶ ತೋರಿಸುವವರು ಈ ಮಾಸ್ತರರ ಕಥೆಯಿಂದಲೇ ಆರಂಭಿಸಬಹುದು. ದೂರದರ್ಶಕ ಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳ ರಾತ್ರಿ ಉತ್ತರದಲ್ಲಿ ಸಪ್ತರ್ಷಿ ಮಂಡಲವನ್ನು ಗುರುತಿಸಿ, ಅದರ ಬಾಗಿದ ಬಾಲವನ್ನೇ ಮುಂದುವರಿಸಿದರೆ ಮೊದಲು ಕೆಂಬಣ್ಣದ ಸ್ವಾತಿ, ಮುಂದೆ ಬೆಳ್ಳಗೆ ಹೊಳೆಯುವ ಚಿತ್ತಾ ಸಿಗುತ್ತದೆ. ಚೈತ್ರ ಮಾಸಕ್ಕೆ ಹೆಸರು ಬಂದಿದ್ದು ಈ ನಕ್ಷತ್ರದಿಂದಲೇ. ಪಾಸ್ಕ ಹಬ್ಬವನ್ನು ಗೊತ್ತುಪಡಿಸುವ ಹುಣ್ಣಿಮೆಯ ಚಂದ್ರನೂ ಇದರಿಂದ ಬಹಳ ದೂರ ಇರುವುದಿಲ್ಲ. ಮುಂದಿನ ಪಾಸ್ಕ ಕಾಲದಲ್ಲಿ ಮಕ್ಕಳನ್ನು ಅಂಗಳಕ್ಕೆ ಕರೆದು ಇದನ್ನು ತೋರಿಸೋಣ. ಹೇಳಿದ್ದನ್ನು ಸುಮ್ಮನೆ ನಂಬದೆ, ಅವರು ತಮ್ಮ ಕಣ್ಣಿನಿಂದಲೇ ನೋಡಲಿ.