ಹೊನ್ನಾವರದ ಹಾದಿಯಲ್ಲಿ ನಡೆದ ಸಂತ ಜೋಸೆಫ್ ವಾಜ್



ಸಂತರೆಂದರೆ ರೋಮಿನಲ್ಲೋ ಅಸಿಸಿಯಲ್ಲೋ ಹುಟ್ಟಿದವರು, ಅವರಿಗೂ ನಮಗೂ ಬಹು ದೂರವೆಂದು ನಾವು ಭಾವಿಸುವುದುಂಟು. ಆದರೆ ಶರಾವತಿ ಕಡಲು ಸೇರುವ ಹೊನ್ನಾವರದಲ್ಲಿ ದೇವಾಲಯ ಕಟ್ಟಿಸಿ, ನಮ್ಮ ಪೂರ್ವಜರ ಪಾಪನಿವೇದನೆ ಕೇಳಿದ ಗುರುವೊಬ್ಬರು ಇಂದು ಸಂತರ ಸಾಲಿನಲ್ಲಿದ್ದಾರೆ. ಅವರೇ ಸಂತ ಜೋಸೆಫ್ ವಾಜ್.

ಇವರು 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ ಜನಿಸಿದರು. ತಂದೆಯ ಊರು ಸಾಂಕವಾಳ. 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ಆಗಸ್ಟ್ 5ರಂದು ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಪತ್ರ ಬರೆದು ಒಪ್ಪಿಸಿಕೊಂಡರು.

ಅವರು ಕೆನರಾಕ್ಕೆ ಬಂದದ್ದು 1681ರಲ್ಲಿ. ಆಗಿನ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ಕೆಳದಿಯ ನಾಯಕರು ಪೋರ್ಚುಗೀಸರನ್ನು ಕರಾವಳಿಯ ಕೋಟೆಗಳಿಂದ ಹೊರಗಟ್ಟಿ ಕೆಲವು ದಶಕಗಳು ಕಳೆದಿದ್ದವು. ಗುರುಗಳು ವಿರಳ. ಇದ್ದ ಗುರುಗಳಲ್ಲೂ ಎರಡು ಪಕ್ಷ. ಗುರುಗಳನ್ನು ಕಳುಹಿಸುವ ಹಕ್ಕು ಪೋರ್ಚುಗಲ್ ದೊರೆಯದೆಂದು ಗೋವೆಯವರು ಹೇಳುತ್ತಿದ್ದರು. ರೋಮ್ ನೇರವಾಗಿ ನೇಮಿಸಿದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರು ಅಧಿಕಾರ ತಮ್ಮದೆನ್ನುತ್ತಿದ್ದರು. ನಡುವೆ ಸಿಕ್ಕಿಬಿದ್ದವರು ಬಡ ವಿಶ್ವಾಸಿಗಳು. ಯಾರ ಬಳಿ ಪಾಪನಿವೇದನೆ ಮಾಡಿದರೆ ಕ್ಷಮೆ ದೊರಕೀತು, ಯಾರು ಮದುವೆ ಮಾಡಿಸಿದರೆ ಅದು ಮದುವೆಯಾದೀತು ಎಂಬ ಅಂಜಿಕೆ ಮನೆಮನೆಗೂ ಹೊಕ್ಕಿತ್ತು.

ವಾಜ್‌ರವರು ಗೋವೆಯ ಪಕ್ಷದಿಂದ ಬಂದ ಮುಖ್ಯಸ್ಥರು. ಜಗಳ ಬೆಳೆಸುವುದು ಅವರಿಗೆ ಸುಲಭವಿತ್ತು. ಅವರು ಮಾಡಿದ್ದೇ ಬೇರೆ. ಧರ್ಮಾಧ್ಯಕ್ಷರನ್ನು ಕಂಡು ವಿನಯದಿಂದ ಮಾತನಾಡಿದರು, ಸಮಾಧಾನದ ದಾರಿ ಹುಡುಕಿದರು. ಬಳಿಕ ಊರೂರು ತಿರುಗಿದರು. ಹೊನ್ನಾವರ, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ದೇವಾಲಯಗಳು ಎದ್ದವು. ಮಕ್ಕಳಿಗೆ ಚಿಕ್ಕ ಶಾಲೆಗಳು ಆರಂಭವಾದವು.

ಜನರ ನೆನಪಿನಲ್ಲಿ ಐತಿಹ್ಯಗಳೂ ಉಳಿದಿವೆ. ಮಂಗಳೂರಿನ ಬಳಿಯ ಮುಡಿಪು ಗುಡ್ಡಕ್ಕೆ, ರೋಗಿಯೊಬ್ಬನಿದ್ದಾನೆಂದು ಸುಳ್ಳು ಹೇಳಿ ಅವರನ್ನು ಕೊಲ್ಲಲು ಕರೆದೊಯ್ದರಂತೆ. ಅವರು ಮೊಣಕಾಲೂರಿದ ಕಡೆ ಮೂರು ನೀರಿನ ಸೆಲೆಗಳು ಚಿಮ್ಮಿದವಂತೆ. ಚರಿತ್ರೆಯ ತಕ್ಕಡಿಯಲ್ಲಿ ಇದನ್ನು ತೂಗಲಾಗದು. ಆದರೂ ರೋಗಿ ಎಂದೊಡನೆ ಈ ಗುರು ಅಪರಾತ್ರಿಯಲ್ಲೂ ಎದ್ದು ಹೊರಡುತ್ತಾರೆಂದು ಜನರಿಗೆ ಎಷ್ಟು ಭರವಸೆಯಿತ್ತು ನೋಡಿ!

1684ರಲ್ಲಿ ಗೋವೆಗೆ ಮರಳಿದರು. ಸಿಂಹಳದಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಅಲ್ಲಿನ ವಿಶ್ವಾಸಿಗಳು ವರ್ಷಗಟ್ಟಲೆ ಬಲಿಪೂಜೆಯನ್ನೇ ಕಂಡಿರಲಿಲ್ಲ. 1686ರಲ್ಲಿ ಅವರಿಗಾಗಿ ಹೊರಟ ವಾಜ್‌ರವರು ಮರುವರ್ಷ ಕೂಲಿಯಾಳಿನ ವೇಷದಲ್ಲಿ ಜಾಫ್ನಾ ಸೇರಿದರು. ಕೊರಳಲ್ಲಿ ಜಪಸರ ಧರಿಸಿ, ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರ ಕಂಡು ಯಾರ ಮುಖ ಅರಳುತ್ತದೆಯೋ ಅದು ಕಥೋಲಿಕರ ಮನೆ!

1692ರಲ್ಲಿ ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂದು ಸೆರೆಯಾದರು. ಆದರೆ ಬೌದ್ಧ ದೊರೆ ಎರಡನೇ ವಿಮಲಧರ್ಮಸೂರ್ಯನು ಕ್ರಮೇಣ ಅವರನ್ನು ಗೌರವಿಸತೊಡಗಿದನು. ಬರಗಾಲದಲ್ಲಿ ಅವರು ಶಿಲುಬೆ ನಿಲ್ಲಿಸಿ ಪ್ರಾರ್ಥಿಸಲು ಮಳೆ ಸುರಿಯಿತೆಂದೂ, ಅವರು ಮಾತ್ರ ನೆನೆಯಲಿಲ್ಲವೆಂದೂ ಹೇಳುತ್ತಾರೆ. 1697ರಲ್ಲಿ ಸಿಡುಬು ಹರಡಿದಾಗ ಮನೆಯವರೇ ತೊರೆದ ರೋಗಿಗಳನ್ನು ತಮ್ಮ ಕೈಯಾರೆ ಉಪಚರಿಸಿದರು. ಈ ಎರಡನೆಯದೇ ನನಗೆ ದೊಡ್ಡ ಪವಾಡವಾಗಿ ತೋರುತ್ತದೆ. ಧರ್ಮಾಧ್ಯಕ್ಷ ಪದವಿ ತಮ್ಮ ಬಳಿಗೆ ಬಂದಾಗ ಅವರು ಒಲ್ಲೆನೆಂದರು.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೈವಾಧೀನರಾದರು. 1995ರಲ್ಲಿ ಪೋಪ್ ಎರಡನೇ ಜಾನ್ ಪೌಲ್‌ರವರು ಪುನೀತರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್‌ರವರು ಸಂತರೆಂದೂ ಕೊಲಂಬೊದಲ್ಲಿ ಸಾರಿದರು.

ವಾಚಕರೇ, ಭಟ್ಕಳದಿಂದ ಕುಮಟಾದವರೆಗೆ ನಮ್ಮ ಊರುಗಳಲ್ಲಿ ಇಂದು ಗುರುಗಳಿದ್ದಾರೆ, ದೇವಾಲಯಗಳಿವೆ. ಆದರೂ ಹಬ್ಬದ ಲೆಕ್ಕಕ್ಕೋ ಪೀಠದ ಹತ್ತಿರದ ಬೆಂಚಿಗೋ ಮುನಿಸಿಕೊಂಡು ಪೂಜೆಗೆ ಬಾರದ ಮನೆಗಳಿಲ್ಲವೇ? ದೊಡ್ಡವರು ಮುನಿದರೆ ಹಸಿಯುವವರು ಮಕ್ಕಳು. ಜನವರಿ 16ರ ಹಬ್ಬಕ್ಕೆ ಮೊದಲು ಅಂಥ ಒಂದು ಮನೆಯ ಕದ ತಟ್ಟಿರಿ. ಮಾತು ಬಿಟ್ಟವರೊಡನೆ ಕುಳಿತು ಒಂದು ಜಪಸರ ಹೇಳಿರಿ. ಹೊನ್ನಾವರದ ದಾರಿಯಲ್ಲಿ ನಡೆದ ಆ ಗುರು ಮಾಡಿದ್ದೂ ಅದನ್ನೇ.