ಕುಷ್ಠರೋಗಿಗಳ ಬಂಧು ಪಾದ್ರಿ ಡೇಮಿಯನ್

ದುಃಖಿತನಿಗೆ ನಾಲ್ಕು ಸಮಾಧಾನದ ಮಾತುಗಳನ್ನು ಹೇಳುವುದು ಸುಲಭ. ತಾನೇ ಸಂಕಟದಲ್ಲಿ ಮುಳುಗಿರುವಾಗ ನೆರೆಯವನ ಕಣ್ಣೀರನ್ನು ಒರಸುವುದು ಬಹು ದುಷ್ಕರ. ಯೇಸುಕ್ರಿಸ್ತನು ಶಿಲುಬೆಯ ಯಾತನೆಯಲ್ಲಿಯೂ ತನ್ನ ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿ, ಪಕ್ಕದಲ್ಲಿ ಸಾಯುತ್ತಿದ್ದ ಅಪರಾಧಿಗೆ ಅಭಯವನ್ನಿತ್ತನೆಂದು ಸುವಾರ್ತೆಗಳು ಹೇಳುತ್ತವೆ. ಆ ಮೇಲ್ಪಂಕ್ತಿಯನ್ನು ಬಾಳಿನಲ್ಲಿ ಆಚರಿಸಿ ತೋರಿದ ಕ್ರೈಸ್ತ ಭಕ್ತರಲ್ಲಿ ಮೊಲೊಕಾಯ್ ದ್ವೀಪದ ಪಾದ್ರಿ ಡೇಮಿಯನ್ನರ ಹೆಸರು ಲೋಕವಿಖ್ಯಾತವಾಗಿದೆ.

ಅವರು ಬೆಲ್ಜಿಯಂ ದೇಶದ ಟ್ರೆಮೆಲೋ ಗ್ರಾಮದ ಒಕ್ಕಲು ಮನೆತನದಲ್ಲಿ 1840ನೆಯ ಜನವರಿ 3ರಂದು ಜನಿಸಿದರು. ಪೂರ್ವದ ಹೆಸರು ಯೋಸೆಫ್ ಡಿ ವೂಸ್ಟರ್. ಅಣ್ಣನನ್ನು ಅನುಸರಿಸಿ ಲೂವೆನ್ ಪಟ್ಟಣದ ಮಠವನ್ನು ಸೇರಿದರು. ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಿಗೆ ಹೊರಡಬೇಕಾಗಿದ್ದ ಆ ಅಣ್ಣನು ಜ್ವರದಿಂದ ಮಲಗಲಾಗಿ, ಅವನ ಸ್ಥಾನದಲ್ಲಿ ತಾವು ಹೊರಟು 1864ನೆಯ ಮಾರ್ಚಿಯಲ್ಲಿ ಹೊನಲುಲು ಬಂದರವನ್ನು ತಲುಪಿದರು. ಆ ವರ್ಷವೇ ಪಾದ್ರಿದೀಕ್ಷೆಯಾಯಿತು.

ಆ ದ್ವೀಪಗಳಲ್ಲಿ ಆಗ ಕುಷ್ಠರೋಗವು ಹಬ್ಬುತ್ತಿದ್ದಿತು. 1865ರಲ್ಲಿ ಸರಕಾರವು ರೋಗಿಗಳನ್ನು ಪ್ರತ್ಯೇಕವಾಗಿಡುವ ಕಾನೂನನ್ನು ಮಾಡಿ, ಮರುವರ್ಷದಿಂದ ಅವರನ್ನು ಮೊಲೊಕಾಯ್ ದ್ವೀಪದ ಒಂದು ಭೂಶಿರಕ್ಕೆ ಸಾಗಿಸತೊಡಗಿತು. ಅದರ ಮೂರು ಕಡೆ ಸಮುದ್ರ; ನಾಲ್ಕನೆಯ ಕಡೆ ಗೋಡೆಯಂತೆ ನಿಂತ ಪರ್ವತ. ಹೆಂಡಿರು ಮಕ್ಕಳನ್ನು ಅಗಲಿ ಅಲ್ಲಿಗೆ ಹೋದವರು ಮರಳಿ ಬರುವ ಆಸೆಯಿರಲಿಲ್ಲ. ರೋಗಕ್ಕೆ ಔಷಧವೂ ಇರಲಿಲ್ಲ.

ನಾಲ್ವರು ಪಾದ್ರಿಗಳು ಸರದಿಯಿಂದ ಅಲ್ಲಿಗೆ ಹೋಗತಕ್ಕದ್ದೆಂದು ಏರ್ಪಾಡಾಗಿದ್ದಿತು. ಮೊದಲನೆಯವರಾಗಿ 1873ನೆಯ ಮೇ 10ರಂದು ಇಳಿದ ಡೇಮಿಯನ್ನರು ಅಲ್ಲಿಯೇ ನಿಂತುಬಿಟ್ಟರು. ಮೊದಮೊದಲು ಕೇದಗೆಯ ಜಾತಿಯ ಒಂದು ಮರವೇ ಅವರಿಗೆ ಮನೆ. ಅವರು ರೋಗಿಗಳ ಹುಣ್ಣುಗಳನ್ನು ಕಟ್ಟಿದರು. ಮರಗೆಲಸ ಮಾಡಿ ಮನೆಗಳನ್ನೆಬ್ಬಿಸಿದರು. ಕೊಳವೆಗಳಿಂದ ನೀರನ್ನು ತಂದರು. ಅನಾಥ ಮಕ್ಕಳಿಗೆ ವಸತಿಯನ್ನು ಕಲ್ಪಿಸಿದರು. ಸತ್ತವರಿಗೆ ಪೆಟ್ಟಿಗೆಯನ್ನು ಮಾಡಿದವರೂ ಗುಂಡಿಯನ್ನು ತೋಡಿದವರೂ ಅವರೇ. ರೋಗಿಗಳೊಡನೆ ಕುಳಿತು ಉಂಡು, ತಾವೂ ಅವರಲ್ಲೊಬ್ಬರೆಂಬಂತೆ ನಡೆದುಕೊಂಡರು.

ಹೀಗೆ ನೂರಾರು ಜನರಿಗೆ ಸಾಂತ್ವನವನ್ನೀಯುತ್ತಿದ್ದವರಿಗೆ ಸಾಂತ್ವನವನ್ನು ನೀಡುವವರು ಯಾರು? ಕೆಥೋಲಿಕ ಪಾದ್ರಿಯು ತನ್ನ ಪಾಪಗಳನ್ನು ಇನ್ನೊಬ್ಬ ಪಾದ್ರಿಯ ಮುಂದೆ ಗುಟ್ಟಾಗಿ ಅರಿಕೆಮಾಡಿಕೊಂಡು ಕ್ಷಮೆಯನ್ನು ಪಡೆಯುವುದು ವಾಡಿಕೆ. ಒಮ್ಮೆ ಅವರ ಮೇಲಧಿಕಾರಿಯು ಹಡಗಿನಲ್ಲಿ ಬಂದಾಗ ಇಳಿಯಲು ಅವರಿಗೂ, ಹತ್ತಲು ಇವರಿಗೂ ಅಪ್ಪಣೆ ದೊರೆಯಲಿಲ್ಲ. ಡೇಮಿಯನ್ನರು ದೋಣಿಯಲ್ಲಿ ನಿಂತು, ತಮ್ಮ ಪಾಪಗಳನ್ನು ಕೂಗಿ ಹೇಳಿ ಕ್ಷಮೆಯನ್ನು ಪಡೆದು, ಮರಳಿ ರೋಗಿಗಳ ಬಳಿಗೆ ಹೋದರು.

1884ನೆಯ ಡಿಸೆಂಬರಿನಲ್ಲಿ ಕುದಿನೀರು ಕಾಲಿಗೆ ತಗಲಿ ಬೊಬ್ಬೆಯೆದ್ದರೂ ಅವರಿಗೆ ಉರಿಯೇ ತಿಳಿಯಲಿಲ್ಲ. ರೋಗವು ತಮ್ಮನ್ನೂ ಹಿಡಿದಿದೆಯೆಂದು ಆಗಲೇ ಅರಿತರು. ಆದರೂ ಕೆಲಸವನ್ನು ಬಿಡಲಿಲ್ಲ. ತಮ್ಮ ಬಳಿಕ ಆ ಮಕ್ಕಳ ಗತಿಯೇನೆಂಬುದೇ ಅವರ ಚಿಂತೆಯಾಯಿತು. 1888ನೆಯ ನವೆಂಬರಿನಲ್ಲಿ ಮೇರಿಯಾನ್ ಕೋಪ್ ಎಂಬ ಸಂನ್ಯಾಸಿನಿಯು ಜತೆಯವರೊಡನೆ ಸೇವೆಗೆ ಬಂದ ಮೇಲೆ ಆ ಚಿಂತೆ ನೀಗಿತು. 1889ನೆಯ ಏಪ್ರಿಲ್ 15ರಂದು, 49ನೆಯ ವಯಸ್ಸಿನಲ್ಲಿ ಅವರು ದೇಹವನ್ನು ಬಿಟ್ಟರು. ಆ ಕೇದಗೆಯ ಮರದಡಿಯಲ್ಲಿಯೇ ಸಮಾಧಿಯಾಯಿತು. 1936ರಲ್ಲಿ ಅಸ್ಥಿಗಳನ್ನು ಬೆಲ್ಜಿಯಂಗೆ ಒಯ್ದರು.

ಡೇಮಿಯನ್ನರು ದೋಷರಹಿತರಾಗಿರಲಿಲ್ಲ. ಹಟ, ಮುಂಗೋಪಗಳ ವಿಷಯದಲ್ಲಿ ಮೇಲಧಿಕಾರಿಗಳ ಆಕ್ಷೇಪಣೆಯಿದ್ದಿತು. ಮರಣಾನಂತರ ಹೊನಲುಲುವಿನ ಅನ್ಯಪಂಥದ ಬೋಧಕರೊಬ್ಬರು ಅವರನ್ನು ಹಳಿಯಲು, ಅದೇ ಪ್ರಾಟೆಸ್ಟಂಟ್ ಮತದಲ್ಲಿ ಬೆಳೆದ ಸಾಹಿತಿ ಸ್ಟೀವನ್ಸನ್ನರು 1890ರಲ್ಲಿ ತೀಕ್ಷ್ಣವಾದ ಉತ್ತರವನ್ನು ಬರೆದರು. ಡೇಮಿಯನ್ನರ ಸ್ಮರಣಾರ್ಥವಾಗಿ ಲಂಡನ್ನಿನಲ್ಲಿ ಕೂಡಿಸಿದ ನಿಧಿಯಿಂದಲೇ ಕುಷ್ಠರೋಗದ ಆಯೋಗವೊಂದು 1890-91ರಲ್ಲಿ ಭಾರತಕ್ಕೆ ಬಂದು ವಿಚಾರಣೆ ನಡೆಸಿತು. 2009ರಲ್ಲಿ ರೋಮಿನ ಧರ್ಮಸಭೆಯು ಅವರನ್ನು ಸಂತರೆಂದು ಸಾರಿತು.

ಇಂದು ಕುಷ್ಠರೋಗವು ಔಷಧದಿಂದ ಪೂರ್ತಿಯಾಗಿ ವಾಸಿಯಾಗುತ್ತದೆ. ಆದರೆ ರೋಗಿಯನ್ನು ಕಂಡು ಮುಖ ತಿರುಗಿಸುವ ಜನರ ಅಭ್ಯಾಸಕ್ಕೆ ವೈದ್ಯರಲ್ಲಿ ಔಷಧವಿಲ್ಲ. ಸಾಂತ್ವನವನ್ನು ನೀಡಲು ತನ್ನ ಕಷ್ಟವು ಮುಗಿಯಲೆಂದು ಡೇಮಿಯನ್ನರು ಕಾಯಲಿಲ್ಲವೆಂಬುದನ್ನು ವಾಚಕ ಮಹಾಶಯರು ಮನಗಾಣುವರೆಂದು ನಂಬುತ್ತೇವೆ.