ಹರ್ಡೇಕರ ಮಂಜಪ್ಪನವರೂ ತರುಣರ ಸೇವಾಧರ್ಮವೂ

ವಿದ್ಯಾಭ್ಯಾಸವನ್ನು ಮುಗಿಸುವ ತರುಣ ತರುಣಿಯರು ಕೆಲವು ಕಾಲ ಸಮಾಜದ ಸೇವೆಯನ್ನು ಕಡ್ಡಾಯವಾಗಿ ಮಾಡತಕ್ಕದ್ದೆಂದು ಕಟ್ಟಳೆ ವಿಧಿಸಿದರೆ ಅವರಿಗೆ ಮೇಲಾಗುವುದೋ, ಇಲ್ಲವೋ? ಈ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿನಿಯರ ತಂದೆತಾಯಿಗಳು ಆಗಾಗ್ಗೆ ನಮ್ಮ ಮುಂದಿಡುವುದುಂಟು. ಓದಬೇಕಾದ ಹೊತ್ತಿನಲ್ಲಿ ಮಕ್ಕಳ ಕೈಗೆ ಪೊರಕೆಯನ್ನೇಕೆ ಕೊಡುವಿರೆಂದು ಕೆಲವರು ಆಕ್ಷೇಪಿಸುವರು. ಇನ್ನೂ ಹೆಚ್ಚು ಕೊಡಿರೆಂದು ಕೆಲವರು ಹೇಳುವರು. ವಾದದಿಂದ ತೀರದ ಇಂಥ ವಿಷಯವನ್ನು ಮಹನೀಯರೊಬ್ಬರ ಜೀವನದಿಂದ ವಿಚಾರಿಸುವುದು ಲೇಸು. ಅದಕ್ಕೆ ತಕ್ಕವರು ನಮ್ಮ ಊರಿನಲ್ಲಿಯೇ ಬಾಳಿ ದುಡಿದ ಹರ್ಡೇಕರ ಮಂಜಪ್ಪನವರು. ಅವರ ಮತವು ಬೇರೆ, ನಮ್ಮದು ಬೇರೆ. ಆದರೆ ಶಿಷ್ಯರ ಪಾದಗಳನ್ನು ತೊಳೆದ ಪ್ರಭುವನ್ನು ನಂಬಿದ ನಮಗೆ ಸೇವಕನೆಲ್ಲಿದ್ದರೂ ಪರಕೀಯನಲ್ಲ.

ಮಂಜಪ್ಪನವರು 1886ನೆಯ ಇಸವಿಯಲ್ಲಿ ಬನವಾಸಿಯಲ್ಲಿ ಬಡ ಲಿಂಗಾಯತ ಕುಟುಂಬವೊಂದರಲ್ಲಿ ಹುಟ್ಟಿದರು. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶಿರಸಿಯಲ್ಲಿ ಉಪಾಧ್ಯಾಯರಾದರು. ಸಂಬಳ ಅಲ್ಪವಾದರೂ ಬಡವನ ಮಗನಿಗೆ ಸರ್ಕಾರದ ಕೆಲಸವೆಂದರೆ ಆ ಕಾಲದಲ್ಲಿ ದೊಡ್ಡ ಆಸರೆಯೇ ಸರಿ. ಆದರೆ 1905ರ ವಂಗಭಂಗದ ತರುವಾಯ ಸ್ವದೇಶೀ ಚಳುವಳಿಯು ದೇಶವನ್ನೆಲ್ಲಾ ವ್ಯಾಪಿಸಿದಾಗ ಅವರ ಮನಸ್ಸು ಆ ಕೆಲಸದಲ್ಲಿ ನಿಲ್ಲಲಿಲ್ಲ. ಅದನ್ನು ಬಿಟ್ಟುಕೊಟ್ಟು 1906ರಲ್ಲಿ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ದಾವಣಗೆರೆಗೆ ಬಂದು “ಧನುರ್ಧಾರಿ” ಎಂಬ ವಾರಪತ್ರಿಕೆಯನ್ನು ಹೊರಡಿಸಿದರು. ಆಗ ಅವರಿಗೆ ಇಪ್ಪತ್ತು ವರ್ಷ ಪ್ರಾಯ. ಅವರನ್ನು ಹೀಗೆ ಮಾಡೆಂದು ಆಜ್ಞಾಪಿಸಿದವರು ಯಾರೂ ಇರಲಿಲ್ಲ. ಕಟ್ಟಳೆಯನ್ನು ಅವರು ತಮಗೆ ತಾವೇ ವಿಧಿಸಿಕೊಂಡರು. ಮುಂದೆ ಆಜೀವ ಬ್ರಹ್ಮಚರ್ಯದ ವ್ರತವನ್ನೂ ಕೈಕೊಂಡರು.

ಪತ್ರಿಕೆಯಿಂದ ಮಾತ್ರ ಜನರು ತಿದ್ದಲ್ಪಡರೆಂಬುದನ್ನು ಅರಿತು ಅವರು ಜನರನ್ನು ಒಂದೆಡೆ ಕೂಡಿಸುವ ಕಾರ್ಯಕ್ಕೆ ತೊಡಗಿದರು. ದಾವಣಗೆರೆಯ ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳ ಬೆಂಬಲದಿಂದ 1913ರಲ್ಲಿ ಬಸವಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿಯನ್ನು ಪ್ರಾರಂಭಿಸಿದರು. ಇಂದು ನಾಡಿನಲ್ಲೆಲ್ಲಾ ನಡೆಯುವ ಆ ಉತ್ಸವದ ಮೊದಲ ಹೆಜ್ಜೆಯು ನಮ್ಮ ಊರಿನದೆಂಬುದನ್ನು ಇಲ್ಲಿಯ ಮಕ್ಕಳು ತಿಳಿದಿರಬೇಕು. ಬಸವಣ್ಣನವರ ಕಾಯಕತತ್ತ್ವದಲ್ಲಿ ಮೇಲಾದ ಕೆಲಸ, ಕೀಳಾದ ಕೆಲಸ ಎಂಬ ಭೇದವಿಲ್ಲ. ಗಾಂಧೀಜಿಯವರ ಬೋಧನೆಯಲ್ಲಿಯೂ ಮಂಜಪ್ಪನವರು ಅದೇ ತತ್ತ್ವವನ್ನು ಕಂಡರು. ಗಾಂಧೀಜಿಯವರ ಚರಿತ್ರೆಯನ್ನು ಕನ್ನಡಿಗರಿಗೆ ಬರೆದುಕೊಟ್ಟರು. ತಾವೂ ಹಾಗೆಯೇ ಬಾಳಿದರು. ಜನರು ಅವರನ್ನು ಕರ್ನಾಟಕದ ಗಾಂಧಿಯೆಂದು ಕರೆದರು.

ತರುವಾಯ ಅವರು ಇಲ್ಲಿಂದ ಸುಮಾರು 14 ಕಿಲೋಮೀಟರು ದೂರದ ಹರಿಹರದಲ್ಲಿ, ತುಂಗಭದ್ರೆಯ ದಡದ ಮೇಲೆ, ಸತ್ಯಾಗ್ರಹಾಶ್ರಮವೊಂದನ್ನು ಸ್ಥಾಪಿಸಿದರು. ಸರಳ ಜೀವನವೂ ಕೈದುಡಿಮೆಯೂ ಅಲ್ಲಿಯ ಧರ್ಮವಾಗಿದ್ದುವು. ಸೇರೆಂದು ಯಾರಿಗೂ ಬಲಾತ್ಕಾರವಿರಲಿಲ್ಲ; ಸೇರಿದವನಿಗೆ ಮಾತ್ರ ನಿಯಮವು ತಪ್ಪುತ್ತಿರಲಿಲ್ಲ. ಆ ನಿಯಮಕ್ಕೆ ಮೊದಲು ತಲೆಬಾಗಿದವರು ಗುರುಗಳೇ ಆದುದರಿಂದ ಅದು ತರುಣರಿಗೆ ಭಾರವೆನಿಸಲಿಲ್ಲ.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಮಹಾಸಭೆಯು ನೆರೆಯಿತು. ಗಾಂಧೀಜಿಯವರು ಅಧ್ಯಕ್ಷರಾದುದು ಆ ಒಂದೇ ಅಧಿವೇಶನಕ್ಕೆ. ಆ ವರ್ಷ ಮಂಜಪ್ಪನವರು ಬಸವೇಶ್ವರ ಸೇವಾದಳವನ್ನು ಕಟ್ಟಿ ತರುಣರನ್ನು ಸೇವೆಗೆ ಸಿದ್ಧಗೊಳಿಸಿದರು. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು ಹಿಂದಿನ ವರ್ಷ ಸ್ಥಾಪಿಸಿದ್ದ ಹಿಂದುಸ್ತಾನೀ ಸೇವಾದಳವೂ ಬೆಳಗಾವಿಯಲ್ಲಿ ದುಡಿಯಿತು. ಮೇಲು ಕುಲದವರೆನಿಸಿಕೊಂಡವರೂ ಅಲ್ಲಿ ಕಕ್ಕಸುಗಳನ್ನು ಶುಚಿಮಾಡಿದರು. ಮನೆಯಲ್ಲಿ ಎಂದಿಗೂ ಮುಟ್ಟದ ಕೆಲಸವನ್ನು ಊರವರೆದುರಿಗೆ ಮಾಡಿದ ತರುಣನು ಹಿಂದಿನಂತೆ ಮನೆಗೆ ಮರಳಲಾರನು. ಸೇವೆಯಿಂದ ಸೇವೆ ಪಡೆದವನಿಗಿಂತ ಮಾಡಿದವನಿಗೆ ಹೆಚ್ಚು ಲಾಭವೆನ್ನುವುದು ಈ ಅರ್ಥದಲ್ಲಿಯೇ.

ನಮ್ಮ ಹೆಣ್ಣುಮಕ್ಕಳು ಮರೆಯಬಾರದ ಸಂಗತಿಯೊಂದು ಇಲ್ಲಿದೆ. ಅದೇ ಬೆಳಗಾವಿಯಲ್ಲಿ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರರು 150ಕ್ಕೂ ಹೆಚ್ಚು ಮಂದಿ ಸ್ತ್ರೀಯರನ್ನು ಸ್ವಯಂಸೇವಕಿಯರಾಗಿ ಕೂಡಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಉಮಾಬಾಯಿಯವರೂ ಚಿಕ್ಕ ವಯಸ್ಸಿನಲ್ಲಿಯೇ ವೈಧವ್ಯವನ್ನು ಕಂಡವರೇ. ಮನೆಯ ಮೂಲೆಯೇ ಗತಿಯೆಂದು ಲೋಕವು ತೀರ್ಮಾನಿಸಿದ್ದವರಿಗೆ ಸೇವೆಯು ಬಾಗಿಲನ್ನು ತೆರೆಯಿತು.

ಮಂಜಪ್ಪನವರು 1927ರಲ್ಲಿ ಕೃಷ್ಣಾ ತೀರದ ಆಲಮಟ್ಟಿಯಲ್ಲಿ ವಿದ್ಯಾಲಯವನ್ನು ಸ್ಥಾಪಿಸಿ, ಓದನ್ನೂ ದುಡಿಮೆಯನ್ನೂ ಒಂದುಗೂಡಿಸಿದರು. “ಶರಣ ಸಂದೇಶ”, “ಉದ್ಯೋಗ” ಎಂಬ ಪತ್ರಿಕೆಗಳನ್ನು ನಡೆಸಿದರು; ಅನೇಕ ಗ್ರಂಥಗಳನ್ನು ಬರೆದರು. 1947ರ ಜನವರಿಯಲ್ಲಿ, ದೇಶವು ಸ್ವತಂತ್ರವಾಗಲು ಎಂಟು ತಿಂಗಳು ಸಹ ಉಳಿದಿರದಾಗ, ಅವರು ದಿವಂಗತರಾದರು. ಯಾವುದಕ್ಕಾಗಿ ಇಪ್ಪತ್ತನೆಯ ವಯಸ್ಸಿನಲ್ಲಿ ಕೆಲಸವನ್ನು ತೊರೆದಿದ್ದರೋ ಅದನ್ನು ಅವರು ಕಣ್ಣಾರೆ ಕಾಣಲಿಲ್ಲ.

ಅವರ ಕಾಲಾನಂತರ ನಮ್ಮ ದೇಶವು ಇದೇ ಪ್ರಶ್ನೆಯನ್ನು ವಿಚಾರಿಸಿತು. 1959ರಲ್ಲಿ ಸಿ. ಡಿ. ದೇಶಮುಖರ ಸಮಿತಿಯು ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೋಗುವವರು ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ರಾಷ್ಟ್ರಸೇವೆಯನ್ನು ಕಡ್ಡಾಯವಾಗಿ ಮಾಡಬೇಕೆಂದು ಸಲಹೆಯಿತ್ತಿತು. ತರುವಾಯ ಕೆ. ಜಿ. ಸೈಯದೈನರು ಪರದೇಶಗಳ ಪದ್ಧತಿಗಳನ್ನು ಪರಿಶೀಲಿಸಿ, ಸೇವೆಯು ಸ್ವಇಚ್ಛೆಯಿಂದಲೇ ನಡೆಯತಕ್ಕದ್ದೆಂದರು. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ 40,000 ಮಂದಿಯೊಡನೆ ರಾಷ್ಟ್ರೀಯ ಸೇವಾ ಯೋಜನೆಯು ಪ್ರಾರಂಭವಾಯಿತು. ಅದನ್ನು ಸೇರುವುದು ಇಚ್ಛೆಗೆ ಬಿಟ್ಟದ್ದು. ಸೇರಿದವರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ದುಡಿಯತಕ್ಕದ್ದು. ಹರಿಹರದ ಆಶ್ರಮದ ರೀತಿಯೂ ಇದೇ ಅಲ್ಲವೇ?

ಹಾಗಾದರೆ ಕಡ್ಡಾಯವೆಂಬುದು ಸರ್ವಥಾ ಕೂಡದೋ? ಹಾಗೆಂದು ನಾವು ಹೇಳಲಾರೆವು. ಸ್ವಇಚ್ಛೆಯೆಂಬ ಮಾತು ಗಂಡುಮಕ್ಕಳಿಗೆ ಒಂದು ಅರ್ಥವನ್ನು ಕೊಟ್ಟರೆ ಹೆಣ್ಣುಮಕ್ಕಳಿಗೆ ಮತ್ತೊಂದು ಅರ್ಥವನ್ನು ಕೊಡುತ್ತದೆ. ಹುಡುಗಿಯ ಇಚ್ಛೆಯೆಂದು ನಾವು ಕರೆಯುವುದು ಎಷ್ಟೋ ಮನೆಗಳಲ್ಲಿ ಆಕೆಯ ತಂದೆಯ ಇಚ್ಛೆ, ಅಣ್ಣನ ಇಚ್ಛೆ, ನೆರೆಹೊರೆಯವರ ಮಾತಿನ ಭಯ. ಸೇವಾಶಿಬಿರಕ್ಕೆ ಹೋಗಲು ಮನಸ್ಸಿದ್ದೂ ಅಪ್ಪಣೆಯಿಲ್ಲದೆ ಉಳಿಯುವವಳಿಗೆ ಶಾಲೆಯ ನಿಯಮವು ಬಂಧನವಲ್ಲ, ಆಸರೆ. ಎಲ್ಲರೂ ಹೋಗಲೇಬೇಕೆಂದಾಗ ಆಕೆಯೂ ಹೋಗುವಳು. ಸಿರಿವಂತರ ಮಗಳು ಬಡವರ ಮಗಳ ಪಕ್ಕದಲ್ಲಿ ನಿಂತು ನೀರು ಹೊರುವುದೂ ಇಂಥ ನಿಯಮದಿಂದಲೇ.

ಆದಕಾರಣ ನಮ್ಮ ಅಭಿಪ್ರಾಯವಿದು. ಶಾಲೆಯಲ್ಲಿರುವಷ್ಟು ಕಾಲ ಸ್ವಲ್ಪ ಸೇವೆಯು ಎಲ್ಲರಿಗೂ ವಿನಾಯಿತಿಯಿಲ್ಲದೆ ಇರಲಿ. ಅದರಲ್ಲಿ ಉಪಾಧ್ಯಾಯಿನಿಯರು ಮೊದಲು ಪೊರಕೆ ಹಿಡಿಯಲಿ. ಪ್ರಾಯಕ್ಕೆ ಬಂದ ಮೇಲೆ ಸರ್ಕಾರದ ಆಜ್ಞೆಯು ಬೇಡ. ಆಜ್ಞೆಯಿಂದ ನೆಲವು ಶುಚಿಯಾಗಬಹುದು. ಮನಸ್ಸು ಶುಚಿಯಾಗಲು ತಾನಾಗಿ ಕೈಕೊಂಡ ವ್ರತವೇ ಬೇಕು. ತಂದೆತಾಯಿಗಳಲ್ಲಿ ನಮ್ಮ ವಿನಂತಿಯೇನೆಂದರೆ, ಮಗಳು ಸೇವೆಗೆ ಹೋಗುತ್ತೇನೆಂದಾಗ ತಡೆಯಬೇಡಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ವಿನಂತಿಯೇನೆಂದರೆ, ಇಲ್ಲಿ ಗುಡಿಸಿದ ಅಂಗಳವನ್ನು ನೆನೆದು ನಿಮ್ಮ ನಿಮ್ಮ ಊರುಗಳಲ್ಲಿ ಒಂದು ಅಂಗಳವನ್ನಾದರೂ ಹುಡುಕಿಕೊಳ್ಳಿರಿ. ನಮ್ಮೂರ ಬೀದಿಗಳಲ್ಲಿ ನಡೆದಾಡಿದ ಆ ಸೇವಕರ ನೆನಪು ನಮ್ಮ ಮಕ್ಕಳಲ್ಲಿ ಬಾಡದಿರುವಂತೆ ದೇವರು ಅನುಗ್ರಹಿಸಲಿ.